ಲಾರಿಯ ಚಕ್ರಕ್ಕೆ ಹೊಳಪು ಬಂತು, ಸಮತೂಕ ಬಂತೇ?

ಹೊರಗೆ ಥಳುಕು, ಒಳಗೆ ಹುಳುಕು ಎಂಬ ಗಾದೆಯನ್ನು ನಮ್ಮ ಹಿರಿಯರು ಮನುಷ್ಯರನ್ನು ಕಂಡು ಕಟ್ಟಿರಬೇಕು. ಈಗ ಅದನ್ನು ಲಾರಿಯ ಚಕ್ರಕ್ಕೂ ಅನ್ವಯಿಸಬೇಕಾದ ಕಾಲ ಬಂದಿದೆ. ಲಾರಿಯೊಡನೆ ಬಂದ ಉಕ್ಕಿನ ಚಕ್ರಗಳನ್ನು ಕಳಚಿ, ಪೇಟೆಯಲ್ಲಿ ಬೇರೆಯಾಗಿ ಸಿಗುವ ಅಲ್ಯೂಮಿನಿಯಂ ಚಕ್ರಗಳನ್ನು ಹಾಕಿಸುವ ಮಾಲಕರು ನಮ್ಮ ನಡುವೆಯೂ ಇದ್ದಾರೆ. ಅದು ತಪ್ಪೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಚಕ್ರಕ್ಕೆ ಸಾವಿರಗಟ್ಟಲೆ ಸುರಿಯುವ ಕೈ, ಅದಕ್ಕೆ ಟಯರು ಕೂಡಿಸಿ ಬ್ಯಾಲೆನ್ಸಿಂಗ್ ಮಾಡಿಸುವ ಹೊತ್ತಿಗೆ ಬಿಗಿಯಾಗುತ್ತದಲ್ಲ, ಅದೇ ಖೇದದ ಸಂಗತಿ. ಆನೆಯನ್ನು ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತಾಯಿತು.

ಗ್ಯಾರೇಜಿನ ಈ ಮಾತನ್ನು ಪತ್ರಿಕೆಯಲ್ಲಿ ಏಕೆ ಬರೆಯಬೇಕೆಂದು ಕೆಲವರು ಕೇಳಬಹುದು. ಒಂದು ಲಾರಿಯ ಹಿಂದೆ ಮಾಲಕನ ಮನೆ, ಡ್ರೈವರನ ಮನೆ, ಕ್ಲೀನರನ ಮನೆ ಎಂದು ಮೂರು ಮನೆಗಳ ಅನ್ನವಿದೆ. ಆ ಲಾರಿಯ ಎದುರು ಸ್ಕೂಟರಿನಲ್ಲಿ ಬರುವವನಿಗೂ ಒಂದು ಮನೆಯಿದೆ. ಆದ್ದರಿಂದ ಇದು ಗ್ಯಾರೇಜಿನ ಮಾತು ಮಾತ್ರವಲ್ಲ, ಮನೆಯ ಮಾತೂ ಹೌದು.

ಉದಾಹರಣೆಗೆ, ಆಂಧ್ರದ ಅನಂತಪುರ ಜಿಲ್ಲೆಯ ಬೆಳುಗುಪ್ಪದಿಂದ ಶೇಂಗಾ ಹೇರಿಕೊಂಡು ಕರಾವಳಿಗೆ ಹೊರಡುವ ಒಂದು ಲಾರಿಯನ್ನು ಕಲ್ಪಿಸಿಕೊಳ್ಳೋಣ. ಕಲ್ಯಾಣದುರ್ಗ, ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡಿಗರು 1953ರಲ್ಲಿ ಆಂಧ್ರ ರಾಜ್ಯಕ್ಕೆ ಸೇರಿದವರು. ಕಾಸರಗೋಡಿನವರಾದ ನಾವು 1956ರಲ್ಲಿ ಕೇರಳಕ್ಕೆ ಸೇರಿದವರು. ಗಡಿಗಳು ನಮ್ಮನ್ನು ದೂರ ಮಾಡಿದರೂ ಲಾರಿಯ ದಾರಿ ನಮ್ಮನ್ನು ಕೂಡಿಸುತ್ತದೆ. ಆ ಲಾರಿ ಕಲ್ಯಾಣದುರ್ಗ ದಾಟಿ, ಚಳ್ಳಕೆರೆ, ಚಿತ್ರದುರ್ಗದ ಮಾರ್ಗವಾಗಿ ಬಂದು, ಶಿರಾಡಿ ಘಾಟಿಯನ್ನಿಳಿದು ಮಂಗಳೂರು ಸೇರಿ, ತಲಪಾಡಿಯಲ್ಲಿ ನಮ್ಮ ಜಿಲ್ಲೆಯನ್ನು ಹೊಗುತ್ತದೆ. ಅನಂತಪುರವೋ ವರುಷಕ್ಕೆ ಸುಮಾರು 550 ಮಿಲಿಮೀಟರು ಮಳೆ ಕಾಣುವ ಬರಸೀಮೆ. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ಮೀರುತ್ತದೆ. ನಮ್ಮಲ್ಲಿ ಅದರ ಆರು ಪಾಲಿನಷ್ಟು ಮಳೆ, ಜತೆಗೆ ಕಡಲಿನ ಉಪ್ಪುಗಾಳಿ. ಒಂದೇ ಚಕ್ರ ಒಂದೇ ಪ್ರಯಾಣದಲ್ಲಿ ಈ ಎರಡನ್ನೂ ತಾಳಬೇಕು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಸಮತೂಕವೆಂದರೇನು?

ಯಾವ ಟಯರೂ, ಯಾವ ಚಕ್ರವೂ ಸುತ್ತಲೂ ಒಂದೇ ತೂಕವಾಗಿ ತಯಾರಾಗುವುದಿಲ್ಲ. ಒಂದು ಬದಿ ತುಸು ಭಾರ, ಇನ್ನೊಂದು ಬದಿ ತುಸು ಹಗುರ. ಎರಡನ್ನೂ ಕೂಡಿಸಿ ಯಂತ್ರದ ಮೇಲೆ ತಿರುಗಿಸಿ, ಹಗುರವಾದ ಕಡೆಗೆ ಸಣ್ಣ ತೂಕವನ್ನು ಸೇರಿಸಿ ಸರಿದೂಗಿಸುವುದೇ ಬ್ಯಾಲೆನ್ಸಿಂಗ್. ಅಲೈನ್‌ಮೆಂಟ್ ಬೇರೆ, ಇದು ಬೇರೆ. ಚಕ್ರಗಳು ನೇರವಾಗಿ ನಿಂತಿವೆಯೇ ಎಂದು ನೋಡುವುದು ಅಲೈನ್‌ಮೆಂಟ್. ತಿರುಗುವಾಗ ಕುಣಿಯದಂತೆ ಮಾಡುವುದು ಬ್ಯಾಲೆನ್ಸಿಂಗ್. ಮೊದಲನೆಯದನ್ನು ಮಾಡಿಸಿ ಎರಡನೆಯದೂ ಆಯಿತೆಂದು ಭಾವಿಸುವವರು ಬಹಳ ಮಂದಿ.

ಸ್ವಲ್ಪ ಲೆಕ್ಕ ಮಾಡೋಣ. ಲಾರಿಯ ಟಯರು ಸುಮಾರು ಒಂದು ಮೀಟರು ಎತ್ತರ. ಒಂದು ಸುತ್ತಿಗೆ 3.3 ಮೀಟರು ದಾರಿ. ಚಕ್ರದ ಅಂಚಿನಲ್ಲಿ 200 ಗ್ರಾಮಿನ ವ್ಯತ್ಯಾಸವಿದೆ ಎಂದುಕೊಳ್ಳಿ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಅದು ಎಳೆಯುವ ಬಲ ಎರಡೂವರೆ ಕಿಲೋ ತೂಕಕ್ಕೆ ಸಮ. 80ರ ವೇಗದಲ್ಲಿ ಅದು ಹತ್ತು ಕಿಲೋ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ. ಹತ್ತು ಕಿಲೋ ಸುತ್ತಿಗೆಯೊಂದು ನಿಮಿಷಕ್ಕೆ 400 ಸಲ ಬೇರಿಂಗಿಗೂ ಕಿಂಗ್‌ಪಿನ್ನಿಗೂ ಸ್ಟಿಯರಿಂಗಿಗೂ ಬಡಿದಂತೆ. ದಿನಕ್ಕೆ 500 ಕಿಲೋಮೀಟರು ಓಡಿದರೆ ಒಂದೂವರೆ ಲಕ್ಷ ಪೆಟ್ಟು! ಟಯರು ಅಲ್ಲಲ್ಲಿ ಬಟ್ಟಲಿನಂತೆ ಗುಳಿಬಿದ್ದು ಸವೆಯುವುದು, ಸ್ಟಿಯರಿಂಗ್ ನಡುಗುವುದು, ರಾತ್ರಿಯಿಡೀ ಹಿಡಿದ ಕೈ ಬೆಳಗಾಗುವಾಗ ಜೋಮು ಹಿಡಿಯುವುದು, ಇವಕ್ಕೆ ಇದೂ ಒಂದು ಕಾರಣ.

"ನಮ್ಮ ತಂದೆಯ ಕಾಲದಲ್ಲಿ ಬ್ಯಾಲೆನ್ಸಿಂಗ್ ಎಲ್ಲಿತ್ತು?" ಎಂದು ಕೇಳುವವರಿಗೆ ಉತ್ತರ ಈ ಲೆಕ್ಕದಲ್ಲೇ ಇದೆ. ಅಂದಿನ ರಸ್ತೆಯಲ್ಲಿ ಹೇರಿದ ಲಾರಿ 40ರ ವೇಗ ಮೀರುವುದೇ ಅಪರೂಪವಾಗಿತ್ತು. ಇಂದು ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ರಸ್ತೆ ಬಂದಿದೆ. ಅತ್ತ ಅನಂತಪುರದಲ್ಲಿ ಬೆಂಗಳೂರು-ಹೈದರಾಬಾದು ಹೆದ್ದಾರಿಯಿದೆ. ವಿಭಜಿತ ಚತುಷ್ಪಥ ರಸ್ತೆಗಳಲ್ಲಿ ಸರಕು ವಾಹನಗಳ ಗರಿಷ್ಠ ವೇಗವನ್ನು ಕೇಂದ್ರ ಸರಕಾರ 2018ರಲ್ಲಿ 80 ಎಂದು ನಿಗದಿಪಡಿಸಿತು. ಅದೇ ವರುಷ ಜುಲಾಯಿಯಲ್ಲಿ ಲಾರಿಗಳು ಹೊರಬಹುದಾದ ಭಾರವನ್ನೂ ಏರಿಸಲಾಯಿತು. ಮೂರು ಆಕ್ಸಲಿನ ಲಾರಿಯ ಒಟ್ಟು ತೂಕ 25 ಟನ್ನಿನಿಂದ 28.5 ಟನ್ನಿಗೆ ಹೋಯಿತು. ರಸ್ತೆ ಬದಲಾಯಿತು, ವೇಗ ಬದಲಾಯಿತು, ಭಾರ ಬದಲಾಯಿತು. ಬದಲಾಗದೆ ಉಳಿದದ್ದು ನಮ್ಮ ರೂಢಿ ಮಾತ್ರ.

ಅಲ್ಯೂಮಿನಿಯಂ ಚಕ್ರದ ಗುಣ, ಅದರ ಹಟ

ಅಲ್ಯೂಮಿನಿಯಂ ಚಕ್ರ ಬರಿಯ ಶೋಕಿಯೆಂದು ತಳ್ಳಿಬಿಡುವುದು ನ್ಯಾಯವಲ್ಲ. ಅಮೆರಿಕದ ಆಲ್ಕೋವಾ ಕಂಪನಿ ಲಾರಿಗಾಗಿ ಬಡಿದು ತಯಾರಿಸಿದ ಅಲ್ಯೂಮಿನಿಯಂ ಚಕ್ರವನ್ನು 1948ರಲ್ಲೇ ರೂಪಿಸಿತ್ತು. ಉಕ್ಕಿನ ಚಕ್ರಕ್ಕಿಂತ ಒಂದೊಂದೂ ಸುಮಾರು 12ರಿಂದ 15 ಕಿಲೋ ಹಗುರ. ಹತ್ತು ಚಕ್ರದ ಲಾರಿಯಲ್ಲಿ ಒಂದು ಕ್ವಿಂಟಾಲಿಗೂ ಮಿಗಿಲಾದ ಉಳಿತಾಯ. ಘಾಟಿಯಿಳಿಯುವಾಗ ಬ್ರೇಕಿನ ಕಾವನ್ನು ಬೇಗ ಹೊರಹಾಕುವ ಗುಣವೂ ಅದಕ್ಕಿದೆ.

ಆದರೆ ಅದು ಉಕ್ಕಿನಂತೆ ಸಹಿಸಿಕೊಳ್ಳುವ ಲೋಹವಲ್ಲ. ಉಕ್ಕಿನ ಚಕ್ರಕ್ಕಿಂತ ಅದರ ತಟ್ಟೆ ದಪ್ಪ. ಆದ್ದರಿಂದ ಹಳೆಯ ಬೋಲ್ಟು ಸಾಕಷ್ಟು ಉದ್ದವಿದೆಯೇ, ನಟ್ಟು ಪೂರ್ತಿಯಾಗಿ ಕಚ್ಚುತ್ತದೆಯೇ ಎಂದು ನೋಡಲೇಬೇಕು. ಹಬ್ಬಿನ ಮೇಲೆ ಚಕ್ರ ನಡುವಿಗೆ ಸರಿಯಾಗಿ ಕೂರದಿದ್ದರೆ ಯಂತ್ರದ ಮೇಲೆ ಎಷ್ಟು ಸರಿದೂಗಿಸಿದರೂ ರಸ್ತೆಯಲ್ಲಿ ಅದು ಕುಣಿದೇ ಕುಣಿಯುತ್ತದೆ. ನಟ್ಟುಗಳನ್ನು ಅಳತೆಯ ಪಾನಾದಿಂದ ಚಕ್ರದ ಕಂಪನಿ ಹೇಳಿದಷ್ಟೇ ಬಿಗಿಯಬೇಕು. 80ರಿಂದ 160 ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು. ಬೆಳುಗುಪ್ಪದಲ್ಲಿ ಬಿಗಿದ ನಟ್ಟನ್ನು ಕಾಸರಗೋಡಿನಲ್ಲಿ ನೋಡಿದರಾಯಿತು ಎಂದರೆ ಆಗದು. ಚಿತ್ರದುರ್ಗ ಬರುವುದಕ್ಕೆ ಮುಂಚೆಯೇ ನೋಡಬೇಕು.

ಮೊದಲೇ ಹೇಳಿದ ಬಿಸಿಲು ಮತ್ತು ಉಪ್ಪುಗಾಳಿಯ ಮಾತು ಬರುವುದು ಇಲ್ಲೇ. ಅಲ್ಯೂಮಿನಿಯಂ ಚಕ್ರದ ಅಂಚು ದಪ್ಪವಾಗಿರುವುದರಿಂದ ಉಕ್ಕಿನ ಚಕ್ರಕ್ಕೆ ಸಿಕ್ಕಿಸುವ ಕೊಂಡಿಯ ತೂಕ ಅದಕ್ಕೆ ಹಿಡಿಯುವುದಿಲ್ಲ. ಬಡಿದು ಸೇರಿಸಿದರೆ ಅಂಚು ಗೀರುಬೀಳುತ್ತದೆ. ಆ ಗೀರಿನಲ್ಲಿ ಉಕ್ಕೋ ಸೀಸವೋ ಅಲ್ಯೂಮಿನಿಯಮ್ಮಿಗೆ ತಾಗಿ, ನಡುವೆ ಉಪ್ಪುನೀರು ಸೇರಿದರೆ, ಬ್ಯಾಟರಿಯೊಳಗೆ ನಡೆಯುವಂಥ ಕ್ರಿಯೆಯೇ ಅಲ್ಲಿ ಮೊದಲಾಗಿ ಅಲ್ಯೂಮಿನಿಯಂ ಕರಗುತ್ತಾ ಬರುತ್ತದೆ. ಬಿಳಿಯ ಹುಡಿ ಕಾಣಿಸಿಕೊಂಡರೆ ಅದೇ ಅದರ ಗುರುತು. ನಮ್ಮ ಕರಾವಳಿಯಲ್ಲಿ ಇದಕ್ಕೆ ಹೆಚ್ಚು ಕಾಲ ಬೇಕಿಲ್ಲ. ಆದ್ದರಿಂದ ಮೇಲ್ಲೇಪವಿರುವ, ಆ ಅಂಚಿಗೆಂದೇ ಮಾಡಿದ ಕೊಂಡಿಯನ್ನು, ಇಲ್ಲವೇ ಅಂಟಿಸುವ ತೂಕವನ್ನು ಬಳಸಬೇಕು.

ಅಂಟಿಸುವ ತೂಕಕ್ಕೋ ಬೆಳುಗುಪ್ಪದ ಧೂಳು ಮತ್ತು ಬಿಸಿ ವೈರಿ. ಚಕ್ರದ ಒಳಮೈಯಲ್ಲಿ ಧೂಳು, ಗ್ರೀಸು, ತೇವ ಇದ್ದರೆ ಅಂಟು ಹಿಡಿಯದು. ಬ್ರೇಕಿನ ಕಾವಿಗೆ ಸಡಿಲಾಗಿ ಎಲ್ಲೋ ದಾರಿಯಲ್ಲಿ ಬಿದ್ದುಹೋಗುತ್ತದೆ. ತೂಕ ಬಿದ್ದದ್ದು ಡ್ರೈವರಿಗೆ ಗೊತ್ತಾಗುವುದು ಸ್ಟಿಯರಿಂಗ್ ನಡುಗಿದಾಗಲೇ. ಒರೆಸಿ, ಒಣಗಿಸಿ, ಒತ್ತಿ ಅಂಟಿಸಲು ಹೆಚ್ಚೆಂದರೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷವನ್ನು ಉಳಿಸುವುದೇ ನಮ್ಮ ಜಾಣತನವಾಗಿದೆ!

ಇನ್ನೆರಡು ಮಾತು. ಬಿರುಕುಬಿಟ್ಟ ಅಲ್ಯೂಮಿನಿಯಂ ಚಕ್ರಕ್ಕೆ ವೆಲ್ಡಿಂಗ್ ಮಾಡಿಸಬಾರದು. ಕಾವಿಗೆ ಲೋಹದ ಗಟ್ಟಿತನವೇ ಹೋಗುತ್ತದೆ, ಹೊಳಪು ಮಾತ್ರ ಉಳಿಯುತ್ತದೆ. ಟಯರು ಹೊತ್ತಿ ಉರಿದ ಚಕ್ರವೂ ಹಾಗೆಯೇ, ನೋಡಲು ಚೆನ್ನಾಗಿದ್ದರೂ ಗುಜರಿಗೇ ಸಲ್ಲಬೇಕು. ಟಯರಿನೊಳಗೆ ನೀರನ್ನೋ ಬೇರೆ ದ್ರವವನ್ನೋ ಹಾಕಿದರೆ ಅಲ್ಯೂಮಿನಿಯಂ ಒಳಗಿನಿಂದಲೇ ಕೊರೆಯುತ್ತದೆ.

ಹೇಳುವ ನೆಪಗಳು

"ಹಿಂದಿನದು ಜೋಡಿ ಚಕ್ರ, ಮೇಲೆ ಭಾರ ಬಿದ್ದರೆ ಎಲ್ಲ ಸರಿಯಾಗುತ್ತದೆ" ಎನ್ನುತ್ತಾರೆ. ಭಾರ ನಡುಕವನ್ನು ಅಡಗಿಸಬಹುದು, ಅಳಿಸಲಾರದು. ಪೆಟ್ಟು ಬೇರಿಂಗಿಗೆ ಬಿದ್ದೇ ಬೀಳುತ್ತದೆ. ಎಲ್ಲ ಚಕ್ರಗಳಿಗೂ ಮಾಡಿಸುವ ಶಕ್ತಿ ಇಲ್ಲದವನು ಮುಂದಿನ ಎರಡಕ್ಕಾದರೂ ಮಾಡಿಸಲಿ, ಏಕೆಂದರೆ ಲಾರಿಗೆ ದಾರಿ ತೋರುವವು ಅವೇ. "ಊರಿನಲ್ಲಿ ಯಂತ್ರವೇ ಇಲ್ಲ" ಎಂಬುದು ಮಾತ್ರ ತೆಗೆದುಹಾಕುವಂಥ ಮಾತಲ್ಲ. ಕಾರಿನ ಚಕ್ರ ತಿರುಗಿಸುವ ಯಂತ್ರ ಲಾರಿಯ ಚಕ್ರವನ್ನು ಹೊರಲಾರದು. ಲಾರಿಗೆ ತಕ್ಕ ಯಂತ್ರ ಸಣ್ಣ ಊರಿನ ಟಯರು ಅಂಗಡಿಯವನ ಕೈಗೆ ನಿಲುಕುವಂಥದ್ದಲ್ಲ. ಅವನನ್ನು ದೂರುವುದರಿಂದ ಪ್ರಯೋಜನವಿಲ್ಲ. ಅಡಿಕೆಗೂ ತೆಂಗಿಗೂ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಲಾರಿ ಮಾಲಕರು ಕೂಡಿ, ಸೇವಾ ಸಹಕಾರಿ ಬ್ಯಾಂಕಿನ ನೆರವಿನಿಂದ, ಪೇಟೆಗೊಂದು ಯಂತ್ರ ತರಿಸುವುದು ಅಸಾಧ್ಯವೇನೂ ಅಲ್ಲ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೇ ವಿಧಿ ಹೇಳುತ್ತದೆ. ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಆದ್ದರಿಂದ ಚಕ್ರ ಕೊಳ್ಳುವ ಮುನ್ನ ಅದರ ಅಳತೆಯೂ ಹೊರುವ ಶಕ್ತಿಯೂ ತಮ್ಮ ಲಾರಿಗೆ ಒಪ್ಪುತ್ತವೆಯೇ ಎಂದು ಲಾರಿ ಕಂಪನಿಯಿಂದ ಬರಹದಲ್ಲಿ ತಿಳಿದುಕೊಳ್ಳುವುದು, ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಅರ್ಥವಾಗುವ ಭಾಷೆಯಲ್ಲಿ ಹೇಳಿ

ಕೊನೆಗೆ ನಮ್ಮದೇ ಆದ ಒಂದು ಕಷ್ಟ. ಚಕ್ರದೊಡನೆ ಬರುವ ಸೂಚನೆಯ ಹಾಳೆ ಇಂಗ್ಲಿಷಿನಲ್ಲಿರುತ್ತದೆ. ಸಾರಿಗೆ ಇಲಾಖೆಯ ಎಚ್ಚರಿಕೆಯ ಮಾತು ಇಲ್ಲಿ ಮಲಯಾಳದಲ್ಲಿ, ಬೆಳುಗುಪ್ಪದಲ್ಲಿ ತೆಲುಗಿನಲ್ಲಿ. ಕನ್ನಡ ಶಾಲೆಯಲ್ಲಿ ಏಳೋ ಎಂಟೋ ತರಗತಿ ಓದಿ ಸ್ಟಿಯರಿಂಗ್ ಹಿಡಿದ ಹುಡುಗ ಯಾವುದನ್ನು ಓದಬೇಕು? ನಟ್ಟನ್ನು ಎಷ್ಟು ಬಿಗಿಯಬೇಕು, ಎಷ್ಟು ದೂರಕ್ಕೆ ಮತ್ತೆ ನೋಡಬೇಕು ಎಂಬ ಎರಡು ಸಾಲು ಅವನಿಗೆ ಅರ್ಥವಾಗುವ ಭಾಷೆಯಲ್ಲಿದ್ದರೆ ಒಂದು ಜೀವ ಉಳಿದೀತು. ಭಾಷೆಯ ಹಕ್ಕೆಂದರೆ ಶಾಲೆ ಮತ್ತು ನಾಮಫಲಕ ಮಾತ್ರವೆಂದು ತಿಳಿಯುವುದು ಸರಿಯಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ, ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಆಂಧ್ರದ ಕನ್ನಡಿಗರಿಗೂ ಸಂವಿಧಾನದ 350ನೇ ವಿಧಿಯಿದೆ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. ಈ ಹಕ್ಕುಗಳನ್ನು ಬಳಸಿ, ಚಕ್ರ ಮತ್ತು ಟಯರಿನ ಸುರಕ್ಷೆಯ ಬಗೆಗೆ ಒಂದು ಪುಟದ ಕನ್ನಡ ಸೂಚನೆಯನ್ನು ಹೊರಡಿಸುವಂತೆ ಸಾರಿಗೆ ಇಲಾಖೆಗೆ ನಮ್ಮ ಸಂಘಸಂಸ್ಥೆಗಳು ಬರೆಯಲಿ. ಇಲಾಖೆ ತಡಮಾಡಿದರೆ ಲಾರಿ ಮಾಲಕರ ಸಂಘವೇ ಅಚ್ಚು ಹಾಕಿಸಿ ಪ್ರತಿ ಟಯರು ಅಂಗಡಿಯ ಗೋಡೆಗೆ ಅಂಟಿಸಲಿ. ಕಡಲತೀರದ ಅಂಗಡಿಯಲ್ಲಿ ಉಪ್ಪಿನ ಎಚ್ಚರಿಕೆ, ಬಯಲುಸೀಮೆಯ ಅಂಗಡಿಯಲ್ಲಿ ಧೂಳಿನ ಎಚ್ಚರಿಕೆ ಮೇಲೆಯೇ ಇರಲಿ.

ಮಾಲಕರಲ್ಲಿ ನಮ್ಮ ಕೋರಿಕೆ ಇಷ್ಟೇ. ಹೊಸ ಅಲ್ಯೂಮಿನಿಯಂ ಚಕ್ರದ ಖರ್ಚಿನ ಪಟ್ಟಿಯಲ್ಲಿ ಬ್ಯಾಲೆನ್ಸಿಂಗಿನ ಖರ್ಚನ್ನೂ ಮೊದಲೇ ಬರೆದುಕೊಳ್ಳಿ. ಅದಕ್ಕೆ ಹಣ ಸಾಲದಿದ್ದರೆ ಚಕ್ರವನ್ನೇ ಮುಂದಿನ ವರುಷಕ್ಕಿಡಿ. ಉಕ್ಕಿನ ಚಕ್ರ ಇನ್ನೂ ಒಂದು ವರುಷ ದುಡಿದೀತು. ಸ್ಟಿಯರಿಂಗ್ ನಡುಗುತ್ತದೆಂದು ಡ್ರೈವರು ಹೇಳಿದರೆ, ಅವನು ಕೆಲಸಗಳ್ಳನೆಂದು ಬಗೆಯದೆ, ಆ ದಿನವೇ ಲಾರಿಯನ್ನು ಯಂತ್ರದ ಬಳಿಗೆ ಕಳುಹಿಸಿ. ಹೊಳಪನ್ನು ನೋಡುವವರು ದಾರಿಯ ಮಂದಿ. ನಡುಕವನ್ನು ತಾಳುವವನು ಒಳಗೆ ಕೂತವನು.