ಲಂಡನ್-ಪ್ಯಾರಿಸ್: ಒಂದೂಕಾಲು ಗಂಟೆಯ ಲೆಕ್ಕ

ಲಂಡನ್‌ನಿಂದ ಪ್ಯಾರಿಸ್‌ಗೆ ನೇರ ಗೆರೆ ಎಳೆದರೆ ಸುಮಾರು 340 ಕಿಲೋಮೀಟರ್. ವಿಮಾನದಲ್ಲಿ ಹೆಚ್ಚುಕಡಿಮೆ ಒಂದೂಕಾಲು ಗಂಟೆ. ಆದರೆ ಟಿಕೆಟ್ ನೋಡಿ: ಬೆಳಿಗ್ಗೆ 10ಕ್ಕೆ ಹೊರಟರೆ 12.15ಕ್ಕೆ ಪ್ಯಾರಿಸ್ ಅಂತಿರುತ್ತೆ. ವಾಪಸ್ ಬರೋವಾಗ 10ಕ್ಕೆ ಹೊರಟರೆ 10.15ಕ್ಕೇ ಲಂಡನ್! ಗಾಬರಿ ಬೇಡ, ಪ್ಯಾರಿಸ್ ಗಡಿಯಾರ ಒಂದು ಗಂಟೆ ಮುಂದಿದೆ, ಅಷ್ಟೇ.

ಮಕ್ಕಳನ್ನು ನೋಡೋಕೆ ಲಂಡನ್‌ಗೆ ಹೋಗೋ ನನ್ನಂಥ ಮಂಡಿನೋವಿನ ಅಮ್ಮಂದಿರಿಗೆ ಬೇಕಾದ ಲೆಕ್ಕವೇ ಬೇರೆ. ವಿಮಾನ ನಿಲ್ದಾಣಕ್ಕೆ ಎರಡು ಗಂಟೆ ಮೊದಲೇ ಹೋಗ್ಬೇಕು. ಷಾರ್ಲ್ ದ ಗಾಲ್ ನಿಲ್ದಾಣದಲ್ಲಿ ಇಳಿದ ಮೇಲೆ ಊರೊಳಗೆ ಇನ್ನೂ ಸುಮಾರು 25 ಕಿಲೋಮೀಟರ್. ಒಂದೂಕಾಲು ಗಂಟೆ ಹೋಗಿ ಅರ್ಧ ದಿನ ಆಗುತ್ತೆ! ಅದಕ್ಕೇ ನಾನು ರೈಲಿನ ಪರ. 1994ರಲ್ಲಿ ಶುರುವಾದ ಯೂರೋಸ್ಟಾರ್, ಸಮುದ್ರದಡಿಯ ಸುರಂಗ ದಾಟಿ ಸುಮಾರು ಎರಡೂಕಾಲು ಗಂಟೆಯಲ್ಲಿ ಊರ ನಡುವಿನಿಂದ ಊರ ನಡುವಿಗೇ ಮುಟ್ಟಿಸುತ್ತೆ. ಅಲ್ಲೂ ಪಾಸ್‌ಪೋರ್ಟ್ ತಪಾಸಣೆ ಇದೆ, ಸ್ವಲ್ಪ ಬೇಗ ಹೋಗಿ.

ಟಿಕೆಟ್‌ಗಿಂತ ಮೊದಲು ಇನ್ನೊಂದು ಮಾತು. ಬ್ರಿಟನ್ ವೀಸಾ ಫ್ರಾನ್ಸ್‌ನಲ್ಲಿ ನಡೆಯಲ್ಲ, ನಮಗೆ ಷೆಂಗೆನ್ ವೀಸಾ ಪ್ರತ್ಯೇಕವಾಗಿ ಬೇಕು. ಅದನ್ನು ಊರಲ್ಲಿದ್ದಾಗಲೇ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಪ್ಯಾರಿಸ್ ಎಷ್ಟು ಹತ್ತಿರ ಇದ್ದರೂ ನಮ್ಮ ಪಾಲಿಗೆ ದೂರವೇ.