ಕಲ್ಲು ಎಳೆದವರಿಗೆಷ್ಟು, ಕಮಿಟಿಗೆಷ್ಟು?

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಅನೇಕ ಊರುಗಳಲ್ಲಿ ಜಾತ್ರೆಯೆಂದರೆ ತೇರು, ನಾಟಕಗಳ ಜೊತೆಗೆ ಭಾರದ ಕಲ್ಲು ಎಳೆಯುವ ಸ್ಪರ್ಧೆಯೂ ಇರಬೇಕೆಂಬುದು ರೂಢಿ. ಒಂದೂವರೆ, ಎರಡು, ಎರಡೂವರೆ ಟನ್ ತೂಗುವ ಕಲ್ಲಿಗೆ ಸರಪಳಿ ಬಿಗಿದು ಜೋಡೆತ್ತು ಹೂಡುತ್ತಾರೆ. ಗೊತ್ತುಪಡಿಸಿದ ಹೊತ್ತಿನೊಳಗೆ ಯಾವ ಜೋಡಿ ಎಷ್ಟು ಅಡಿ ಎಳೆಯಿತೆಂದು ಟೇಪು ಹಿಡಿದು ಅಳೆಯುತ್ತಾರೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ಎತ್ತಿನ ಪ್ರಾಯದ ಮೇಲೆ ವಿಭಾಗ ಮಾಡುವುದೂ ಉಂಟು. ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜವು ಕಾರಹುಣ್ಣಿಮೆಗೆ ನಡೆಸುವ ಮುಂಗಾರು ಸಾಂಸ್ಕೃತಿಕ ಹಬ್ಬ ಜಿಲ್ಲೆಯಲ್ಲಿ ಈ ಆಟದ ದೊಡ್ಡ ರೂಪ. ಅಲ್ಲಿಗೆ ಆಂಧ್ರ, ತೆಲಂಗಾಣದ ಜೋಡಿಗಳೂ ಬರುತ್ತವೆ.

ಕಲ್ಲಿನ ತೂಕದ ಬಗ್ಗೆ ತಕರಾರು ಅಪರೂಪ. ಹಣದ ಬಗ್ಗೆ ಹಾಗಲ್ಲ. ಕೂಡಿಸಿದ ಹಣವೆಲ್ಲ ಗೆದ್ದ ನಾಲ್ಕೈದು ಜೋಡಿಗಳ ಬಹುಮಾನಕ್ಕೇ ಹೋಗಬೇಕೋ, ಇಲ್ಲ ಬಂದ ಪ್ರತಿ ಜೋಡಿಗೂ ಗಾಡಿ ಬಾಡಿಗೆಯಷ್ಟಾದರೂ ಮುಟ್ಟಬೇಕೋ? ಎತ್ತಿನ ಮಾಲೀಕರು ಒಂದು ಉತ್ತರ ಕೊಡುತ್ತಾರೆ, ಜಾತ್ರಾ ಕಮಿಟಿಯವರು ಇನ್ನೊಂದು. ಎರಡನ್ನೂ ಪೂರ್ತಿ ಕೇಳಿಸಿಕೊಳ್ಳದೆ ತೀರ್ಪು ಹೇಳುವುದು ನ್ಯಾಯವಲ್ಲ.

ಮಾಲೀಕರ ವಾದದ ಬಲ ಇರುವುದು ಅವರ ಕೊಟ್ಟಿಗೆಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಭತ್ತದ ಗದ್ದೆಗಳು ಟ್ರ್ಯಾಕ್ಟರಿನ ಪಾಲಾದವು. ಮಸ್ಕಿ, ಲಿಂಗಸುಗೂರು ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಎತ್ತಿನ ಬೇಸಾಯ ಇನ್ನೂ ಅಷ್ಟಿಷ್ಟು ಉಳಿದಿದೆಯಾದರೂ ಕಲ್ಲಿಗೆ ಕಟ್ಟುವ ಜೋಡಿಯನ್ನು ಯಾರೂ ಕುಂಟೆಗೆ ಕಟ್ಟಿ ದಣಿಸುವುದಿಲ್ಲ. ರಾತ್ರಿ ನೆನೆಹಾಕಿದ ಹುರುಳಿ, ಹತ್ತಿಕಾಳು, ಶೇಂಗಾ ಹಿಂಡಿ, ಕೆಲವರ ಮನೆಯಲ್ಲಿ ಹಾಲು, ಮೊಟ್ಟೆ, ತುಪ್ಪ ಸಹ. ಇದು ವರ್ಷವಿಡೀ ನಡೆಯುವ ಖರ್ಚು. ಮೈ ತಿಕ್ಕಿ ತೊಳೆಯಲು, ದಿನಾ ಅಡ್ಡಾಡಿಸಲು ಒಬ್ಬ ಆಳು ಬೇರೆ. ಸ್ಪರ್ಧೆಯ ದಿನ ಗಾಡಿಯ ಬಾಡಿಗೆ, ಪ್ರವೇಶ ಶುಲ್ಕ, ಜೊತೆಗೆ ಬಂದ ಹತ್ತು ಜನರ ಊಟ. ಇಪ್ಪತ್ತು ಜೋಡಿ ಬಂದು ಐದಕ್ಕೆ ಬಹುಮಾನ ಬಂದರೆ ಉಳಿದ ಹದಿನೈದು ಕೈಯಿಂದ ಕಳೆದುಕೊಂಡೇ ಊರಿಗೆ ಮರಳುತ್ತವೆ. ಆ ಹದಿನೈದು ಬಾರದಿದ್ದರೆ ಸ್ಪರ್ಧೆಯೇ ಇಲ್ಲ ಎಂಬ ಅವರ ಮಾತನ್ನು ತಳ್ಳಿಹಾಕುವುದು ಕಷ್ಟ. ಸೋತವರೂ ಜನರನ್ನು ಗಂಟೆಗಟ್ಟಲೆ ಬಿಸಿಲಲ್ಲಿ ನಿಲ್ಲಿಸಿದವರೇ.

ಕಮಿಟಿಯವರ ಉತ್ತರವೂ ಹಗುರವಾದುದಲ್ಲ. ಇಲ್ಲಿ ಟಿಕೆಟ್ಟಿಲ್ಲ, ಗೇಟಿಲ್ಲ. ಬಯಲಲ್ಲಿ ನಡೆಯುವ ಆಟಕ್ಕೆ ಬರುವ ಹಣವೆಲ್ಲ ದಾನಿಗಳದು: ಮೊದಲ ಬಹುಮಾನ ಇಂಥವರಿಂದ, ಎರಡನೆಯದು ಇಂಥವರಿಂದ ಎಂದು ಕರಪತ್ರದಲ್ಲಿ ಅಚ್ಚಾಗುತ್ತದೆ, ಮೈಕಿನಲ್ಲಿ ಕೂಗಲಾಗುತ್ತದೆ. ಕೂಗಿದ ಹಣವೆಲ್ಲ ಕೈಗೆ ಬಂದೇ ಬರುತ್ತದೆಂದು ರಸೀದಿ ಪುಸ್ತಕ ಹಿಡಿದು ಓಡಾಡಿದ ಯಾರೂ ಹೇಳಲಾರರು. ದಾನಿಗಳ ಕೈಯೋ ಫಸಲನ್ನು ನೋಡುತ್ತದೆ. 2023ರಲ್ಲಿ ರಾಜ್ಯಕ್ಕೆ ಬರ ಬಂದು ತುಂಗಭದ್ರಾ ಜಲಾಶಯ ತುಂಬಲಿಲ್ಲ. ಮರುವರ್ಷ ಆಗಸ್ಟ್ 10ರ ರಾತ್ರಿ ತುಂಬಿದ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಭತ್ತದ ದುಡ್ಡನ್ನೇ ನಂಬಿದ ಸೀಮೆಯಲ್ಲಿ ಇಂಥ ವರ್ಷಗಳಲ್ಲಿ ಪ್ರತಿ ಜೋಡಿಗೂ ಇಷ್ಟು ಕೊಡುತ್ತೇವೆಂದು ಮೊದಲೇ ಮಾತು ಕೊಟ್ಟ ಕಮಿಟಿ ಸಾಲಕ್ಕೆ ಬೀಳಬೇಕಾಗುತ್ತದೆ. ಅದೇ ಹಣದಲ್ಲಿ ದಾಸೋಹ, ದೀಪ, ಶಾಮಿಯಾನವೂ ನಡೆಯಬೇಕು.

ಇದಕ್ಕೆ ಮಾಲೀಕರ ಮರುಮಾತು ಹೀಗೆ: ಗೇಟಿಲ್ಲವೆಂದ ಮಾತ್ರಕ್ಕೆ ಆದಾಯವಿಲ್ಲವೆಂದಲ್ಲ. ಎತ್ತು ನೋಡಲು ಬಂದ ಜನ ಮಿರ್ಚಿ ತಿನ್ನುತ್ತಾರೆ, ಮಕ್ಕಳನ್ನು ತೊಟ್ಟಿಲಿಗೆ ಹತ್ತಿಸುತ್ತಾರೆ, ಬಳೆ ಕೊಳ್ಳುತ್ತಾರೆ. ಆ ಅಂಗಡಿಗಳ ನೆಲಬಾಡಿಗೆ ಎಲ್ಲಿಗೆ ಹೋಯಿತು? ಪ್ರಶ್ನೆ ಸರಿಯಾದುದೇ. ಆದರೆ ಉತ್ತರ ಊರಿಂದೂರಿಗೆ ಬೇರೆ. ಕೆಲವೆಡೆ ನೆಲಬಾಡಿಗೆ ಗ್ರಾಮ ಪಂಚಾಯಿತಿಗೆ, ಕೆಲವೆಡೆ ದೇವಸ್ಥಾನಕ್ಕೆ ಸಲ್ಲುತ್ತದೆ. ಸ್ಪರ್ಧೆ ನಡೆಸುವ ಯುವಕರ ಕೈಗೆ ಅದು ಬಾರದೆಯೂ ಇರಬಹುದು. ಹೀಗಾಗಿ ಎರಡೂ ಕಡೆಯವರು ತಮ್ಮ ತಮ್ಮ ಊರಿನ ಮಟ್ಟಿಗೆ ನಿಜವನ್ನೇ ಹೇಳುತ್ತಿರುವ ಸಾಧ್ಯತೆ ಇದೆ.

ಕಮಿಟಿಯವರ ಇನ್ನೊಂದು ವಾದ ಗಡಿಯಾರದ್ದು. ನನಗೆ ಇದೇ ಅವರ ಬಲವಾದ ವಾದವೆನಿಸುತ್ತದೆ. ಜೋಡಿಗೆ ಇಪ್ಪತ್ತು ನಿಮಿಷ ಎಂದಿಟ್ಟುಕೊಂಡರೆ ಗಂಟೆಗೆ ಮೂರು ಜೋಡಿ. ಕಲ್ಲನ್ನು ಮತ್ತೆ ಗೆರೆಗೆ ತರುವ, ಸರಪಳಿ ಬದಲಿಸುವ ಹೊತ್ತು ಬಿಟ್ಟರೂ ಇಪ್ಪತ್ನಾಲ್ಕು ಜೋಡಿಗೆ ಎಂಟು ಗಂಟೆ ಬೇಕು. ಬಂದವರಿಗೆಲ್ಲ ಹಣ ಎಂದರೆ ಸಿದ್ಧವಿಲ್ಲದ ಎತ್ತುಗಳೂ ಬರುತ್ತವೆ, ದಿನ ಸಾಲದು, ನಡು ಮಧ್ಯಾಹ್ನದ ಬಿಸಿಲಲ್ಲಿ ದನ ಕಲ್ಲು ಎಳೆಯಬೇಕಾಗುತ್ತದೆ. ಮೇಲಾಗಿ ಮೊದಲ ಬಹುಮಾನ ದೊಡ್ಡದಿದ್ದರಷ್ಟೇ ದೂರದ ಹೆಸರುವಾಸಿ ಜೋಡಿಗಳು ಬರುವುದು. ಅವು ಬಂದರೆ ಜನ, ಜನ ಬಂದರೆ ಮುಂದಿನ ವರ್ಷದ ದಾನಿ. ಗೆದ್ದ ಎತ್ತಿನ ಬೆಲೆಯೂ ಏರುತ್ತದೆ. ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಅಮರೇಶ್ವರದಂಥ ದನದ ಜಾತ್ರೆಯಲ್ಲಿ ಪದಕ ಕಂಡ ಜೋಡಿಗೆ ಗಿರಾಕಿಗಳು ತಾವಾಗಿ ಸುತ್ತುಗಟ್ಟುತ್ತಾರೆ. ಹಾಗಿರುವಾಗ ಬಹುಮಾನವೊಂದನ್ನೇ ಆದಾಯವೆಂದು ಎಣಿಸುವುದು ಸರಿಯೇ ಎಂದು ಅವರು ಕೇಳುತ್ತಾರೆ. ಬೆಲೆ ಏರುವುದು ಗೆದ್ದವರ ಎತ್ತಿಗೆ ಮಾತ್ರ, ಸೋತದ್ದು ಇಳಿದರೂ ಇಳಿಯಿತು ಎಂಬ ಮಾಲೀಕರ ಉತ್ತರ ಅಲ್ಲಿಯೇ ಸಿದ್ಧವಿದೆ.

ಈ ಜಗ್ಗಾಟದಲ್ಲಿ ಇಬ್ಬರ ಬಾಯಲ್ಲೂ ಕಡಿಮೆ ಬರುವ ಹೆಸರು ಎತ್ತು ಹೊಡೆಯುವವನದು. ಬರಿಗಾಲಲ್ಲಿ ಎತ್ತಿನ ಪಕ್ಕ ಓಡಿ, ಎರಡು ಟನ್ ಕಲ್ಲಿನ ಮುಂದೆ ಜಾರಿ ಬೀಳದಂತೆ ನೋಡಿಕೊಂಡು, ದನದ ಉಸಿರು ಅಳೆದು ಯಾವಾಗ ಬಿಡಬೇಕು, ಯಾವಾಗ ಎಬ್ಬಿಸಬೇಕೆಂದು ತೀರ್ಮಾನಿಸುವವನು ಅವನು. ಬಹುಮಾನದ ಫಲಕ ಮಾತ್ರ ಮಾಲೀಕನ ಮನೆಯ ಗೋಡೆಗೆ ಹೋಗುತ್ತದೆ. ಮಾಲೀಕ ಖುಷಿಯಿಂದ ಕೊಟ್ಟದ್ದೇ ಅವನ ಪಾಲು. ಕಾಲು ಮುರಿದರೆ ಯಾರು ನೋಡಬೇಕೆಂಬುದು ಎಲ್ಲೂ ಬರೆದಿರುವುದಿಲ್ಲ. ಕರಾವಳಿಯ ಕಂಬಳದಲ್ಲೂ ಇದೇ ಕಥೆ ಬೇರೆ ಬಣ್ಣದಲ್ಲಿದೆ. ಅಲ್ಲಿ ಗೆದ್ದ ಕೋಣಗಳ ಯಜಮಾನನಿಗೆ ಸಾಮಾನ್ಯವಾಗಿ ಎರಡು ಪವನು, ಎಂದರೆ 16 ಗ್ರಾಂ ಚಿನ್ನ. ಓಡಿದವನಿಗೆ ಯಜಮಾನನೇ ಕೊಡಬೇಕು. 2020ರ ಫೆಬ್ರುವರಿಯಲ್ಲಿ ಐಕಳದಲ್ಲಿ 142.5 ಮೀಟರ್ ಕರೆಯನ್ನು (ಕೋಣ ಓಡಿಸುವ ಕೆಸರಿನ ಪಥವನ್ನು) 13.62 ಸೆಕೆಂಡಿನಲ್ಲಿ ಓಡಿದ ಶ್ರೀನಿವಾಸ ಗೌಡರು ಕಟ್ಟಡ ಕೆಲಸಗಾರರು. ದೇಶವೆಲ್ಲ ಅವರತ್ತ ನೋಡಿತು, ಮುಖ್ಯಮಂತ್ರಿ 3 ಲಕ್ಷ ರೂಪಾಯಿ ಕೊಟ್ಟರು. ಅದು ಗೌರವ ಹೌದು, ಸಂಬಳವಲ್ಲ. ಅವರ ಹಿಂದೆ ಅದೇ ಕೆಸರಿನಲ್ಲಿ ಓಡಿದ ಉಳಿದವರಿಗೆ ಅದರಿಂದ ಬದಲಾದದ್ದು ಅಷ್ಟಕ್ಕಷ್ಟೆ. ಯಜಮಾನರ ಪರವಾಗಿಯೂ ಒಂದು ಮಾತು ಹೇಳಬೇಕು: ವರ್ಷದ ಮೇವಿನ ಮುಂದೆ 16 ಗ್ರಾಂ ಚಿನ್ನ ಅವರಿಗೂ ಲಾಭದ ಬಾಬ್ತಲ್ಲ.

ಹಣದ ಹಂಚಿಕೆಯನ್ನು ಬೇರೆ ಬಗೆಯಲ್ಲಿ ಮಾಡಿದ ಆಟವೊಂದು ಯೂರೋಪಿನಲ್ಲಿದೆ. ಅದು ಸ್ಪೀಡ್‌ವೇ, ಬ್ರೇಕಿಲ್ಲದ 500 ಸಿಸಿ ಮೋಟರ್‌ಸೈಕಲ್ಲುಗಳ ಓಟ. ನಾಲ್ವರು ಸವಾರರು, ನಾಲ್ಕು ಸುತ್ತು, ಸುಮಾರು ಒಂದು ನಿಮಿಷ. ಸ್ಥಾನಕ್ಕೆ ತಕ್ಕಂತೆ 3, 2, 1, 0 ಅಂಕ. ಸವಾರನಿಗೆ ಕ್ಲಬ್ಬು ಕೊಡುವುದು ಬಹುಪಾಲು ಅಂಕದ ಲೆಕ್ಕದಲ್ಲಿ. ಇಂಜಿನ್ನು, ಮೆಕ್ಯಾನಿಕ್ಕು, ಓಡಾಟದ ಖರ್ಚು ಸಾಮಾನ್ಯವಾಗಿ ಸವಾರನವೇ, ನಮ್ಮಲ್ಲಿ ಹುರುಳಿ, ಹಿಂಡಿ ಮಾಲೀಕನವೇ ಆಗಿರುವಂತೆ. ಒಂದು ಪಂದ್ಯಕ್ಕೆ ಸಾಮಾನ್ಯವಾಗಿ 15 ಓಟ, ಓಟಕ್ಕೆ 6 ಅಂಕ, ಒಟ್ಟು 90. ಎರಡೂ ಕ್ಲಬ್ಬುಗಳಿಗೆ ಖರ್ಚಿನ ಅಂದಾಜು ಮೊದಲೇ ಸಿಗುತ್ತದೆ, ಎರಡನೆಯವನೂ ಮೂರನೆಯವನೂ ಬರಿಗೈಯಲ್ಲಿ ಹೋಗುವುದಿಲ್ಲ. ತಮಾಷೆಯೆಂದರೆ ತಂಡ ಭರ್ಜರಿಯಾಗಿ ಗೆದ್ದಷ್ಟೂ ಕ್ಲಬ್ಬಿನ ಗಲ್ಲಾಪೆಟ್ಟಿಗೆ ಹೆಚ್ಚು ಖಾಲಿ. ಇಷ್ಟೆಲ್ಲ ಲೆಕ್ಕ ಹಾಕಿದರೂ ಆ ಕ್ಲಬ್ಬುಗಳು ಗಟ್ಟಿಯಾಗಿಲ್ಲ. ಬ್ರಿಟನ್ನಿನ ವುಲ್ವರ್‌ಹ್ಯಾಂಪ್ಟನ್, ಪೀಟರ್‌ಬರೊ ಕ್ಲಬ್ಬುಗಳು 2023ರಲ್ಲಿ ತಮ್ಮ ಟ್ರ್ಯಾಕನ್ನೇ ಕಳೆದುಕೊಂಡವು. ಓಡುವ ನೆಲ ಅವರದಾಗಿರಲಿಲ್ಲ.

ಈ ಮಾದರಿಯನ್ನು ಇಲ್ಲಿ ಯಾರಾದರೂ ಸೂಚಿಸಬಹುದು: ಎಳೆದ ಪ್ರತಿ ಅಡಿಗೆ ಇಷ್ಟು ಎಂದು ಕೊಟ್ಟುಬಿಡೋಣ, ಶ್ರಮಕ್ಕೆ ತಕ್ಕ ಫಲ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಮೋಟರ್‌ಸೈಕಲ್ಲಿಗೆ ನೋವಿಲ್ಲ. ಅಡಿಗೆ ದುಡ್ಡು ಕಟ್ಟಿದರೆ ಸೋಲು ಖಚಿತವಾದ ಮೇಲೂ ದಣಿದ ಎತ್ತಿನ ಬೆನ್ನ ಮೇಲೆ ಬಾರುಕೋಲು ಆಡುವ ಆಸೆ ಉಳಿಯುತ್ತದೆ. ಈ ಕ್ರೀಡೆಗಳು ಕಾನೂನಿನ ಸೂಕ್ಷ್ಮ ಗೆರೆಯ ಮೇಲೆ ನಿಂತಿವೆ ಎಂಬುದನ್ನೂ ಮರೆಯಬಾರದು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತ್ತು. ಕರ್ನಾಟಕ 2017ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ, ಹೋರಿ ಓಟ, ಎತ್ತಿನ ಗಾಡಿ ಓಟಗಳಿಗೆ ಷರತ್ತಿನ ರಕ್ಷಣೆ ಕೊಟ್ಟಿತು. ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2023ರ ಮೇ 18ರಂದು ಅಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ದನಕ್ಕೆ ಅನಗತ್ಯ ನೋವಾಗಬಾರದೆಂಬುದೇ ಆ ರಕ್ಷಣೆಯ ಆಧಾರ. ಹಣದ ಯಾವ ಹೊಸ ಏರ್ಪಾಡೂ ಅದನ್ನು ಸಡಿಲಿಸುವಂತಿರಬಾರದು. ದೊಡ್ಡ ಮೊದಲ ಬಹುಮಾನವೂ ಇದೇ ಆಸೆಯನ್ನು ಹುಟ್ಟಿಸುತ್ತದಲ್ಲವೇ ಎಂದು ಮಾಲೀಕರು ಕೇಳಿದರೆ ಕಮಿಟಿಯವರಲ್ಲಿ ಒಳ್ಳೆಯ ಉತ್ತರವಿಲ್ಲ.

ಎರಡೂ ಕಡೆಯ ಮಾತನ್ನು ತೂಗಿದಾಗ, ಎಲ್ಲ ಊರಿಗೂ ಒಂದೇ ಕಟ್ಟಳೆ ಹೊಂದದೆಂಬ ಎಚ್ಚರದೊಂದಿಗೆ, ನಡುವಿನ ದಾರಿಯೊಂದು ಕಾಣುತ್ತದೆ. ಕಮಿಟಿ ತನ್ನ ದಿನಕ್ಕೆ ಹಿಡಿಸುವಷ್ಟು ಜೋಡಿಗಳನ್ನು ಮಾತ್ರ ಮೊದಲೇ ಬರೆದುಕೊಳ್ಳಲಿ; ಪಶುವೈದ್ಯರ ಚೀಟಿ ತಂದ ಅಷ್ಟೂ ಜೋಡಿಗಳಿಗೆ ದೂರಕ್ಕೆ ತಕ್ಕ ಗಾಡಿ ಬಾಡಿಗೆ ಕೊಡಲಿ, ಎಳೆದ ಅಡಿ ಎಷ್ಟೇ ಇರಲಿ. ಅದಕ್ಕೆ ಬೇಕಾದ ಹಣವನ್ನು ಮೊದಲ ಬಹುಮಾನದಿಂದ ಒಂದಿಷ್ಟು ಇಳಿಸಿ ಹೊಂದಿಸಲಿ. ದೂರದ ಒಂದೆರಡು ಹೆಸರುವಾಸಿ ಜೋಡಿಗಳು ಇದರಿಂದ ಬಾರದೇ ಹೋಗಬಹುದು. ಆ ನಷ್ಟ ಸಣ್ಣದಲ್ಲ, ಆದರೂ ಊರ ಸುತ್ತಲಿನ ಸಣ್ಣ ರೈತ ಕೈಬಿಟ್ಟು ಹೋಗುವುದಕ್ಕಿಂತ ಕಡಿಮೆ. ದಾನಿಗಳ ಹಣ ಸ್ಪರ್ಧೆಗೆ ಮುಂಚೆ ಬ್ಯಾಂಕಿಗೆ ಬಂದ ನಂತರವೇ ಕರಪತ್ರದಲ್ಲಿ ಹೆಸರು ಹಾಕುವ ಪದ್ಧತಿ ಬಂದರೆ ಕಮಿಟಿಯ ಅರ್ಧ ಭಯ ತಪ್ಪುತ್ತದೆ. ಮಾಲೀಕರೂ ತಮ್ಮ ಕಡೆಯಿಂದ ಎರಡು ಮಾತು ಒಪ್ಪಬೇಕು: ಬಹುಮಾನದಲ್ಲಿ ಎತ್ತು ಹೊಡೆಯುವವನ ಪಾಲು ಎಷ್ಟೆಂದು ಹೆಸರು ಬರೆಸುವಾಗಲೇ ಗೊತ್ತುಮಾಡುವುದು, ಆ ದಿನದ ಮಟ್ಟಿಗಾದರೂ ಅವನಿಗೆ ಅಪಘಾತ ವಿಮೆ ಮಾಡಿಸುವುದು. ಜಾತ್ರೆ ಮುಗಿದ ಮೇಲೆ ಜಮಾಖರ್ಚನ್ನು ಗುಡಿಯ ಗೋಡೆಗೆ ಅಂಟಿಸಿದರೆ ನೆಲಬಾಡಿಗೆಯ ಪ್ರಶ್ನೆಗೂ ಉತ್ತರ ಸಿಕ್ಕೀತು.

ಇದನ್ನು ಒಂದು ವರ್ಷ, ಒಂದೇ ವಿಭಾಗದಲ್ಲಿ ಮಾಡಿ ನೋಡಬಹುದು. ಹೊರೆಯಾದರೆ ಬಿಡಬಹುದು. ಮುಂದಿನ ಕಾರಹುಣ್ಣಿಮೆಯ ಕರಪತ್ರ ಪ್ರೆಸ್ಸಿಗೆ ಹೋಗುವ ಮುನ್ನ ಕಮಿಟಿಯವರೂ ಮಾಲೀಕರೂ ಒಮ್ಮೆ ಕೂತು ಮಾತಾಡಿ, ಮೊದಲ ಬಹುಮಾನದ ಮೊತ್ತದ ಕೆಳಗೆ ಗಾಡಿ ಬಾಡಿಗೆಯ ಮೊತ್ತವನ್ನೂ ಅಚ್ಚು ಹಾಕಿಸಲಿ.