ಹೆಸರಷ್ಟೇ ಉಳಿದರೆ

ಪುಣೆಯ ನಮ್ಮ ಕಚೇರಿಯಲ್ಲಿ ಕುಲಕರ್ಣಿ, ಪಾಟೀಲ, ಜೋಶಿ ಎಂಬ ಅಡ್ಡಹೆಸರು ಕೇಳಿದೊಡನೆ ಮರಾಠಿಗರೆಂದು ತಿಳಿಯುವುದು ರೂಢಿ. ಧಾರವಾಡ, ಬೆಳಗಾವಿಗಳಲ್ಲಿ ಇವೇ ಹೆಸರಿನ ಕನ್ನಡಿಗರು ಎಷ್ಟೋ ಜನ. ಊರ ಲೆಕ್ಕ ಬರೆದವನು ಕುಲಕರ್ಣಿ, ಪಂಚಾಂಗ ಹೇಳಿದವನು ಜೋಶಿ. ಇವು ವೃತ್ತಿಯ ಗುರುತುಗಳೇ ಹೊರತು ಭಾಷೆಯವಲ್ಲ.

ಹೆಸರುಗಳ ಬೆನ್ನು ಹತ್ತಿದ ಶಂ. ಬಾ. ಜೋಶಿಯವರೂ (1896–1991) ಅಂಥ ಹೆಸರಿನ ಕನ್ನಡಿಗರೇ. ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಈ ಮಾಸ್ತರರು ಊರುಗಳ, ಜನಾಂಗಗಳ ಹೆಸರುಗಳನ್ನು ಬಗೆದು, ಮಹಾರಾಷ್ಟ್ರದ ನೆಲದಲ್ಲಿ ಹುದುಗಿದ್ದ ಕನ್ನಡದ ಕುರುಹುಗಳನ್ನು ಅರಸಿದರು. 1952ರಲ್ಲಿ ‘ಮರ್ಹಾಟಿ ಸಂಸ್ಕೃತಿ’ಯನ್ನು ಮರಾಠಿಯಲ್ಲೇ ಬರೆದು ಅಲ್ಲಿನ ವಿದ್ವಾಂಸರ ಮುಂದಿಟ್ಟರು.

ಈ ಶೋಧವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನನಗೆ ಅದರಲ್ಲಿ ಎಚ್ಚರಿಕೆಯೇ ಹೆಚ್ಚಾಗಿ ಕೇಳಿಸುತ್ತದೆ. ಆಡುವ ಬಾಯಿ ಇದ್ದಲ್ಲಿ ಕುರುಹನ್ನು ಅರಸಬೇಕಾಗಿಲ್ಲ. ಮಾತು ಹೋದ ಮೇಲೆಯೇ ಹೆಸರು ಸಾಕ್ಷಿ ನುಡಿಯಬೇಕಾಗುತ್ತದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಅಡ್ಡಹೆಸರನ್ನು ಹೇಗೂ ಹೊತ್ತು ನಡೆಯುತ್ತಾರೆ. ಮನೆಯಲ್ಲಿ ಕನ್ನಡ ನಿಂತರೆ ಅವರು ಕನ್ನಡದವರೆಂದು ಹೇಳುವವರಾರು? ಊರಿನ ಹೆಸರುಗಳಾದರೂ ಶಂಬಾರಿಗೆ ಸಾಕ್ಷಿ ನುಡಿದವು. ಕುಲಕರ್ಣಿ, ಜೋಶಿ ಎಂಬ ಹೆಸರುಗಳು ಅಷ್ಟನ್ನೂ ನುಡಿಯಲಾರವು.